ಹರೆಯದಲ್ಲಿ ಲಕ್ವಾ ಹೊಡೆದರೆ ‘ಯಾಕೆ’ ಅಂತ ಕೇಳಲೇಬೇಕು

ಲಕ್ವಾ ಅಂದರೆ ವಯಸ್ಸಾದವರ ಕಾಯಿಲೆ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಎಪ್ಪತ್ತರ ಅಜ್ಜನ ಬಾಯಿ ಸೊಟ್ಟಗಾದರೆ ಯಾರಿಗೂ ಅನುಮಾನ ಬರುವುದಿಲ್ಲ. ‘ಲಕ್ವಾ ಹೊಡದೈತಿ, ಗಾಡಿ ತರಸ್ರಿ’ ಅನ್ನುತ್ತಾರೆ. ಅದೇ ಇಪ್ಪತ್ತೈದರ ಸೊಸೆಗೆ, ಮೂವತ್ತರ ಟ್ರ್ಯಾಕ್ಟರ್ ಡ್ರೈವರಿಗೆ ಆದರೆ ಮಾತೇ ಬೇರೆ. ‘ಗಾಳಿ ಸೋಕೇತಿ’, ‘ಕುಡದ ಬಿದ್ದಾನ’, ‘ನಿದ್ದಿಗೆಟ್ಟು ಹಂಗಾಗೇತಿ’, ‘ಯಾರೋ ಮಾಡಿಸ್ಯಾರ’. ಈ ಮಾತುಗಳಲ್ಲೇ ಅರ್ಧ ದಿನ ಹೋಗುತ್ತದೆ. ಆಮೇಲೆ ತಾಯತ, ಪಾರಿವಾಳದ ರಕ್ತ, ನಾಟಿ ಔಷಧಿ ಕೊಡುವ ಊರಿಗೆ ಪ್ರಯಾಣ. ಆಸ್ಪತ್ರೆ ಕೊನೆಗೆ.

ನಾವು ಇಲ್ಲಿ ಹೇಳಬೇಕೆಂದಿರುವುದು ಎರಡೇ ಮಾತು. ಒಂದು, ಹರೆಯದವರಿಗೂ ಲಕ್ವಾ ಹೊಡೆಯುತ್ತದೆ. ಎರಡು, ಹರೆಯದವರಿಗೆ ಹೊಡೆದಾಗ ಅದರ ಹಿಂದೆ ಬೇರೆಯದೇ ಕಾರಣ ಇರುವ ಸಾಧ್ಯತೆ ಹೆಚ್ಚು, ಆ ಕಾರಣ ಸಿಗುವವರೆಗೆ ಹುಡುಕಬೇಕು. ಈ ಹುಡುಕಾಟದ ಮೊದಲ ಸುಳಿವು ಸ್ಕ್ಯಾನಿಂಗ್ ಯಂತ್ರದಲ್ಲಿ ಸಿಗುವುದಕ್ಕಿಂತ ಮುಂಚೆ ಮನೆಯವರ ಬಾಯಲ್ಲಿ ಸಿಗುತ್ತದೆ. ಅದಕ್ಕೇ ಇದನ್ನು ನಿಮಗಾಗಿ ಬರೆಯುತ್ತಿದ್ದೇವೆ.

ಮೊದಲು ಎಲ್ಲರಿಗೂ ಒಂದೇ ಲೆಕ್ಕ

ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದು ಲಕ್ವಾ. ವಯಸ್ಸು ಯಾವುದೇ ಇರಲಿ, ಗುರುತು ಅವೇ: ಇದ್ದಕ್ಕಿದ್ದಂತೆ ಮುಖ ಒಂದು ಕಡೆ ಜೋತು ಬೀಳುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಅಥವಾ ಎದುರಿನವರ ಮಾತು ಅರ್ಥವಾಗದೇ ಹೋಗುವುದು. ಇದರ ಜೊತೆಗೆ ಥಟ್ಟನೆ ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ಕುಡಿಯದೇ ಇದ್ದರೂ ತೂರಾಡುವುದು, ಹಿಂದೆಂದೂ ಬಾರದಂಥ ತಲೆನೋವು.

ಇದರಲ್ಲಿ ಯಾವುದೇ ಒಂದು ಕಂಡರೂ ಗಡಿಯಾರ ನೋಡಿ. ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ಬಾಯಿಗೆ ನೀರು, ಚಹಾ, ಗುಳಿಗೆ ಏನೂ ಹಾಕಬೇಡಿ, ನುಂಗಲು ಆಗದೆ ಶ್ವಾಸಕೋಶಕ್ಕೆ ಇಳಿಯಬಹುದು. ‘ಹಾರ್ಟಿಗೆ ಕೊಡ್ತಾರಲ್ಲ’ ಅಂತ ಆಸ್ಪಿರಿನ್ ಗುಳಿಗೆಯನ್ನೂ ಕೊಡಬೇಡಿ. ನಾಳ ಒಡೆದು ರಕ್ತ ಸೋರುತ್ತಿದ್ದರೆ ಅದೇ ಗುಳಿಗೆ ಕೇಡು ಮಾಡುತ್ತದೆ.

ಇನ್ನೊಂದು ಮಾತು ಮುಚ್ಚಿಡಬಾರದು. ಹರೆಯದವರಲ್ಲೂ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ, ಸಾರಾಯಿ ದೊಡ್ಡ ಕಾರಣಗಳೇ. ಮೂವತ್ತಕ್ಕೇ ಬಿ.ಪಿ. ಏರಿದ್ದು ಗೊತ್ತಿಲ್ಲದೆ ಓಡಾಡುವವರು ಬೇಕಾದಷ್ಟಿದ್ದಾರೆ. ಅವನ್ನು ಮೊದಲು ನೋಡಲೇಬೇಕು. ಆದರೆ ಹರೆಯದವರ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಿಸುವುದು ತಪ್ಪು.

ಬಾಣಂತಿಯ ತಲೆನೋವು

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ಕಾರಣ ಇದು. ತುಂಗಭದ್ರಾ ಕಾಲುವೆ ಕೆಳಗೆ ಗದ್ದೆ ಮಾಡುವವರಿಗೆ ಬೇಗ ಅರ್ಥವಾಗುವಂತೆ ಹೇಳಬಹುದು. ಗದ್ದೆಗೆ ನೀರು ತರುವ ಕಾಲುವೆ ಒಂದು, ನೀರು ಹೊರಗೆ ಹೋಗುವ ಬಸಿಗಾಲುವೆ ಇನ್ನೊಂದು. ಮಿದುಳಿಗೂ ಹಾಗೇ. ಸಾಮಾನ್ಯವಾಗಿ ಲಕ್ವಾ ಅನ್ನುವಾಗ ನೀರು ತರುವ ಕಾಲುವೆ ಕಟ್ಟಿರುತ್ತದೆ. ಕೆಲವರಲ್ಲಿ ಮಾತ್ರ ಬಸಿಗಾಲುವೆ ಕಟ್ಟುತ್ತದೆ. ಕೆಟ್ಟ ರಕ್ತವನ್ನು ಹೊರಗೆ ಒಯ್ಯುವ ಸಿರೆಗಳಲ್ಲಿ ಹೆಪ್ಪು ನಿಲ್ಲುತ್ತದೆ, ಒಳಗೆ ಒತ್ತಡ ಏರುತ್ತದೆ, ಮಿದುಳು ಊದಿಕೊಳ್ಳುತ್ತದೆ, ಕೆಲವೊಮ್ಮೆ ಅಲ್ಲೇ ರಕ್ತ ಒಸರುತ್ತದೆ.

ಇದು ಹೆಚ್ಚಾಗಿ ಕಾಣುವುದು ಹರೆಯದವರಲ್ಲಿ, ಅದರಲ್ಲೂ ಬಾಣಂತಿಯರಲ್ಲಿ. ಬಸಿರಿನಲ್ಲಿ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗುತ್ತದೆ. ಹೆರಿಗೆಯಲ್ಲಿ ರಕ್ತ ತುಂಬಾ ಹೋಗದಿರಲಿ ಅಂತ ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಹೆರಿಗೆಯಾದ ಮೇಲೂ ಕೆಲವು ವಾರ ಹಾಗೇ ಇರುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು ಸೇರಿದರೆ ಅಪಾಯ ಹೆಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಈ ಕಾಯಿಲೆಯ ಬಾಣಂತಿಯರನ್ನು ದಶಕಗಳಿಂದ ನೋಡುತ್ತ, ಅದರ ಬಗ್ಗೆ ಬರೆಯುತ್ತ ಬಂದಿದ್ದಾರೆ.

ಈಗ ನಮ್ಮ ಬಾಣಂತನದ ಕೋಣೆ ನೆನಪಿಸಿಕೊಳ್ಳಿ. ಕಿಟಕಿ ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುಡುಸುಡು ನೀರಿನ ಸ್ನಾನ. ಬೆವರು ಸುರಿಯುತ್ತದೆ. ಕೂಸಿಗೆ ಹಾಲು ಕುಡಿಸುತ್ತಿರುತ್ತಾಳೆ. ಬಾಯಾರಿ ನೀರು ಕೇಳಿದರೆ ‘ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ನೆಗಡಿ ಆಕೈತಿ’ ಅಂತ ಒಂದು ಲೋಟ ಕೊಡಲೂ ಹಿಂದುಮುಂದು ನೋಡುತ್ತಾರೆ.

ನಾವು ಅಜ್ಜಿಯರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬಾಣಂತಿಗೆ ಕೆಲಸ ಹೇಳದೆ ಮಲಗಿಸಿ, ತವರಲ್ಲಿಟ್ಟು ಸಾಕುವ ಪದ್ಧತಿಯಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಆದರೆ ನೀರು ಕಟ್ಟುವ ಪದ್ಧತಿ ನಿಲ್ಲಬೇಕು. ಬಿಸಿ ನೀರೇ ಕೊಡಿ, ಕಾಯಿಸಿ ಆರಿಸಿದ ನೀರೇ ಕೊಡಿ, ಗಂಜಿ ತಿಳಿ ಕೊಡಿ. ಅವಳು ಕೇಳಿದಷ್ಟು ಕೊಡಿ. ದಿನಕ್ಕೆ ಕೆಲವು ಸಲ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಲಿ.

ಗುರುತು ಹೇಗಿರುತ್ತದೆ? ಹೆಚ್ಚಿನವರಲ್ಲಿ ಶುರುವಾಗುವುದು ತಲೆನೋವಿನಿಂದ. ಒಂದೇ ಏಟಿಗೆ ಕೈಕಾಲು ಹೋಗುವುದಿಲ್ಲ. ನೋವು ದಿನದಿನಕ್ಕೆ ಏರುತ್ತ ಹೋಗುತ್ತದೆ. ಮಲಗಿದಾಗ, ಕೆಮ್ಮಿದಾಗ, ಮುಕ್ಕರಿದಾಗ ಜಾಸ್ತಿಯಾಗಬಹುದು. ವಾಂತಿ, ಕಣ್ಣು ಮಂಜು, ನೋಟ ಎರಡಾಗುವುದು. ಆಮೇಲೆ ಫಿಟ್ಸ್, ಒಂದು ಕೈಕಾಲು ಸೋಲುವುದು, ಏನೇನೋ ಮಾತಾಡುವುದು. ಈ ಹಂತಕ್ಕೆ ಬಂದಾಗ ಊರು ಇಡುವ ಹೆಸರು ‘ಬಾಣಂತಿ ಸನ್ನಿ’. ಆ ಒಂದು ಹೆಸರಿನ ಕೆಳಗೆ ಬಿ.ಪಿ. ಏರಿ ಬರುವ ಫಿಟ್ಸೂ ಇದೆ, ಮನಸ್ಸಿನ ಕಾಯಿಲೆಯೂ ಇದೆ, ಮಿದುಳಿನ ಹೆಪ್ಪೂ ಇದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ, ಮೂರಕ್ಕೂ ಆಸ್ಪತ್ರೆಯೇ ಬೇಕು.

ಸಿಸೇರಿಯನ್ ಆದವರ ತಲೆನೋವನ್ನು ‘ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ನೋವು’ ಅಂತ ತಳ್ಳಿಹಾಕುವುದೂ ಇದೆ. ಆ ಇಂಜೆಕ್ಷನ್ನಿನ ನೋವು ಸಾಮಾನ್ಯವಾಗಿ ಎದ್ದು ಕೂತಾಗ ಏರಿ, ಮಲಗಿದಾಗ ಇಳಿಯುತ್ತದೆ. ಮಲಗಿದರೂ ಇಳಿಯದ, ದಿನ ಕಳೆದಂತೆ ಏರುವ ನೋವು ಆ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸುವ ಬದಲು ವೈದ್ಯರಿಗೆ ಹೇಳಿ.

ಹೇಳುವಾಗ ‘ತಲೆನೋವು ಐತ್ರಿ’ ಅಂದರೆ ಸಾಲದು. ‘ಹೆರಿಗೆ ಆಗಿ ಇಷ್ಟು ದಿನ ಆತ್ರಿ, ನೋವು ದಿನಾ ಏರಾಕತ್ತೈತ್ರಿ, ಕಣ್ಣು ಮಂಜಾಗತಾವ’ ಅನ್ನಿ. ಯಾಕೆಂದರೆ ಸಾದಾ ಸಿ.ಟಿ. ಸ್ಕ್ಯಾನಿನಲ್ಲಿ ಈ ಹೆಪ್ಪು ಕಾಣದೇ ಹೋಗಬಹುದು. ಸಿರೆಗಳನ್ನೇ ತೋರಿಸುವ ಬೇರೆ ಸ್ಕ್ಯಾನ್ ಬೇಕಾಗುತ್ತದೆ. ಅದನ್ನು ಮಾಡಿಸಬೇಕೆಂಬ ಯೋಚನೆ ವೈದ್ಯರಿಗೆ ಬರಬೇಕಾದರೆ ಬಾಣಂತಿ ಅನ್ನುವ ಮಾತು ಅವರ ಕಿವಿಗೆ ಬಿದ್ದಿರಬೇಕು.

ಸಮಾಧಾನದ ಮಾತೂ ಇದೆ. ಗುರುತಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಗ ಶುರು ಮಾಡಿದರೆ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಎದ್ದು ಓಡಾಡಿ ಕೂಸನ್ನು ಎತ್ತಿ ಆಡಿಸುತ್ತಾರೆ. ಆಮೇಲೆ ಕೆಲವು ತಿಂಗಳು ಗುಳಿಗೆ ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ‘ಆರಾಮ ಆತಲ್ಲ’ ಅಂತ ನಡುವೆ ಬಿಡಬಾರದು.

ಇದೇ ಬಗೆಯ ಹೆಪ್ಪು ಬಾಣಂತಿಯರಲ್ಲದವರಿಗೂ ಬರುತ್ತದೆ. ಜಾತ್ರೆ, ಮದುವೆ, ಪೂಜೆ ಇದೆ ಅಂತ ಮುಟ್ಟು ಮುಂದೂಡಲು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಲ್ಲಿ ಹಾರ್ಮೋನ್ ಇರುತ್ತದೆ. ಹಾರ್ಮೋನ್ ಗುಳಿಗೆಗಳು ಕೆಲವರಲ್ಲಿ ಹೆಪ್ಪಿನ ಅಪಾಯ ಹೆಚ್ಚಿಸುತ್ತವೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಹಾಗಂತ ಆಸ್ಪತ್ರೆಯಲ್ಲಿ ಕೊಟ್ಟ ಗರ್ಭನಿರೋಧಕ ಗುಳಿಗೆಯನ್ನು ಹೆದರಿ ನಿಲ್ಲಿಸುವುದೂ ಬೇಡ, ಕೇಳಿ ತಿಳಿದುಕೊಳ್ಳಿ. ಗಂಡಸರಲ್ಲಿ ವಿಪರೀತ ಕುಡಿತ, ವಾಂತಿಭೇದಿಯಿಂದ ನೀರು ಕಳೆದುಕೊಳ್ಳುವುದು, ಬಿ-12 ಜೀವಸತ್ವದ ಕೊರತೆಯಿಂದ ರಕ್ತದಲ್ಲಿ ಹೋಮೋಸಿಸ್ಟಿನ್ ಏರುವುದು ಇದಕ್ಕೆ ದಾರಿ ಮಾಡಬಹುದು.

ಕಟಿಂಗ್ ಶಾಪಿನ ನೆಟಿಗೆ

ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಲ್ಕು ನಾಳಗಳಿವೆ, ಮುಂದೆ ಎರಡು, ಹಿಂದೆ ಮೂಳೆಗಳ ನಡುವೆ ಎರಡು. ಕುತ್ತಿಗೆಯನ್ನು ಫಟ್ಟನೆ ತಿರುಗಿಸಿದಾಗ, ಬೈಕ್ ಅಪಘಾತದಲ್ಲಿ ಕುತ್ತಿಗೆ ಉಳುಕಿದಾಗ, ಒಮ್ಮೊಮ್ಮೆ ಏನೂ ಕಾರಣವಿಲ್ಲದೆಯೂ ನಾಳದ ಒಳಪದರ ಸೀಳಬಹುದು. ಆ ಸೀಳಿನಲ್ಲಿ ಹೆಪ್ಪು ಕಟ್ಟಿ ಮೇಲಕ್ಕೆ ಹೋದರೆ ಲಕ್ವಾ. ಹರೆಯದವರ ಲಕ್ವಾಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಕಟಿಂಗ್ ಆದ ಮೇಲೆ ಚಂಪಿ ಮಾಡಿ, ಕೊನೆಗೆ ಗದ್ದ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೆಟಿಗೆ ಮುರಿಯುವುದು ನಮ್ಮಲ್ಲಿ ರೂಢಿ. ಸಾವಿರಾರು ಜನರಿಗೆ ಏನೂ ಆಗುವುದಿಲ್ಲ ನಿಜ. ಆಗುವ ಒಬ್ಬರಿಗೆ ಬದುಕೇ ಹೋಗುತ್ತದೆ. 1993ರಲ್ಲೇ ಅಮೆರಿಕದ ವೈದ್ಯರೊಬ್ಬರು ತಲೆ ತೊಳೆಯಲು ಕುತ್ತಿಗೆಯನ್ನು ಹಿಂದಕ್ಕೆ ಚಾಚಿ ಕೂತವರಿಗೆ ಆದ ಇಂಥ ಲಕ್ವಾವನ್ನು ಬರೆದು ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಅಂತ ಹೆಸರಿಟ್ಟಿದ್ದರು. ಕಟಿಂಗ್ ಶಾಪಿನ ಅಣ್ಣಂದಿರಿಗೆ ನಮ್ಮ ಮನವಿ: ಎಣ್ಣೆ ತಿಕ್ಕಿ, ಭುಜ ಒತ್ತಿ, ಕುತ್ತಿಗೆ ಮುರಿಯುವುದೊಂದನ್ನು ಬಿಟ್ಟುಬಿಡಿ.

ನೆಟಿಗೆ ಮುರಿದ ಮೇಲೆ ಅಥವಾ ಬಿದ್ದ ಮೇಲೆ ಕುತ್ತಿಗೆಯ ಒಂದೇ ಕಡೆ ಹೊಸ ನೋವು, ಹಿಂದಲೆ ನೋವು, ಒಂದು ಕಣ್ಣಿನ ರೆಪ್ಪೆ ಜೋಲುವುದು, ತಲೆ ತಿರುಗುವುದು ಕಂಡರೆ ಎಚ್ಚರ. ಲಕ್ವಾ ಅದೇ ಹೊತ್ತಿಗೆ ಬರಬೇಕೆಂದಿಲ್ಲ, ಗಂಟೆಗಳೋ ದಿನಗಳೋ ಬಿಟ್ಟು ಬರಬಹುದು. ಅದಕ್ಕೇ ಹಿಂದಿನ ವಾರದ ವಿಷಯವನ್ನೂ ವೈದ್ಯರಿಗೆ ಹೇಳಬೇಕು.

ಮನೆಯವರಿಗೇ ಗೊತ್ತಿರುವ ಇನ್ನಷ್ಟು ಸುಳಿವು

ಚಿಕ್ಕವನಿದ್ದಾಗ ಗಂಟಲು ನೋವು, ಜ್ವರ, ಆಮೇಲೆ ಕೀಲು ಊದಿಕೊಂಡಿತ್ತೇ? ಅದು ರುಮಾಟಿಕ್ ಜ್ವರ ಆಗಿದ್ದಿರಬಹುದು. ಅದು ಹೃದಯದ ಕವಾಟ ಕೆಡಿಸುತ್ತದೆ. ವರ್ಷಗಳ ಮೇಲೆ ಹೃದಯದಲ್ಲಿ ಹೆಪ್ಪು ಕಟ್ಟಿ ಮಿದುಳಿಗೆ ಹಾರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಅನ್ನುವ ಹರೆಯದವರ ಹೃದಯವನ್ನು ಎಕೋ ಮಾಡಿಸಿ ನೋಡಬೇಕು. ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ತಪ್ಪಿಸಬಾರದು.

ಪದೇ ಪದೇ ಬಸಿರು ನಿಂತು ಹೋಗುತ್ತಿದೆಯೇ? ಎಷ್ಟೋ ಮನೆಗಳಲ್ಲಿ ಅದಕ್ಕೆ ಸೊಸೆಯ ಕಾಲ್ಗುಣದ ಹೆಸರು ಹೇಳುತ್ತಾರೆ. ಕೆಲವರಲ್ಲಿ ನಿಜವಾದ ಕಾರಣ ರಕ್ತವನ್ನು ಹೆಪ್ಪುಗಟ್ಟಿಸುವ, ದೇಹವೇ ತಯಾರಿಸಿಕೊಂಡ ಒಂದು ಬಗೆಯ ಅಂಶ. ಅದೇ ಅಂಶ ಗರ್ಭವನ್ನೂ ಕಳೆಯುತ್ತದೆ, ಮಿದುಳಿನಲ್ಲಿ ಹೆಪ್ಪನ್ನೂ ಕಟ್ಟುತ್ತದೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಚಿಕಿತ್ಸೆ ಇದೆ. ಕಾಲ್ಗುಣಕ್ಕೆ ಚಿಕಿತ್ಸೆ ಇಲ್ಲ.

ಒಂದು ಕೈಯ ನಾಡಿ ಸಿಗುವುದಿಲ್ಲವೇ? ಕೆಲಸ ಮಾಡುವಾಗ ಒಂದೇ ತೋಳು ಬೇಗ ಸೋಲುತ್ತದೆಯೇ? ದೊಡ್ಡ ರಕ್ತನಾಳಗಳೇ ಊದಿ ಕಿರಿದಾಗುವ ಒಂದು ಕಾಯಿಲೆ ಇದೆ, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ ಬರುತ್ತದೆ. ಜಪಾನಿನ ಕಣ್ಣಿನ ವೈದ್ಯ ತಕಾಯಾಸು 1908ರಲ್ಲಿ ಅದನ್ನು ಮೊದಲು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಅದರ ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ: ಎರಡೂ ಕೈಯ ಬಿ.ಪಿ. ನೋಡುವುದು. ದೊಡ್ಡ ವ್ಯತ್ಯಾಸ ಇದ್ದರೆ ಮುಂದಿನ ತಪಾಸಣೆ ಬೇಕು.

ಮಗು ಅತ್ತಾಗ, ಬಲೂನು ಊದಿದಾಗ, ಬಿಸಿ ಅನ್ನಕ್ಕೆ ಉಫ್ ಉಫ್ ಅಂದಾಗ ಕೈ ಸೋತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತೇ? ‘ನಾಟಕ ಮಾಡ್ತೈತಿ’ ಅನ್ನಬೇಡಿ. ಮೊಯಾಮೊಯಾ ಅನ್ನುವ ಅಪರೂಪದ ಕಾಯಿಲೆಯಲ್ಲಿ ಮಿದುಳಿನ ನಾಳಗಳು ನಿಧಾನಕ್ಕೆ ಮುಚ್ಚುತ್ತ ಬರುತ್ತವೆ. ಜೋರಾಗಿ ಉಸಿರು ಬಿಟ್ಟಾಗ ಅವು ಇನ್ನಷ್ಟು ಕಿರಿದಾಗಿ ಹೀಗಾಗುತ್ತದೆ. ಮಕ್ಕಳಲ್ಲೂ ಹರೆಯದವರಲ್ಲೂ ಕಾಣುತ್ತದೆ. ರಕ್ತಕ್ಕೆ ಬೇರೆ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆ ಇದೆ.

ಹೊಲದಲ್ಲಿ ಕೊಳಕುಮಂಡಲ ಕಚ್ಚಿದೆಯೇ? ಅದರ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಹಾಗಾಗಿ ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು, ಅಪರೂಪಕ್ಕೆ ನಾಳ ಕಟ್ಟಿಕೊಳ್ಳಲೂಬಹುದು. ಕಾಲಿನ ಊತ ನೋಡುತ್ತ ಕೂತವರು ತೊದಲುವ ಮಾತನ್ನೂ ಗಮನಿಸಬೇಕು. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು ಇದ್ದು ಆಮೇಲೆ ಕೈಕಾಲು ಸೋತರೆ ಮಿದುಳಿನ ಪೊರೆಗೆ ತಗುಲಿದ ಕ್ಷಯ ಇರಬಹುದು. ಕುಡುಗೋಲು ಕಣ ರಕ್ತಹೀನತೆ ಇರುವ ಕಾಡಂಚಿನ ಹಾಡಿಗಳ ಮಕ್ಕಳಿಗೂ ಲಕ್ವಾದ ಅಪಾಯ ಇದೆ.

ಇಷ್ಟನ್ನೂ ಓದಿ ‘ನನಗೂ ಇರಬಹುದೇ’ ಅಂತ ಗಾಬರಿಯಾಗುವುದು ಬೇಡ. ಇವುಗಳಲ್ಲಿ ಹೆಚ್ಚಿನವು ಅಪರೂಪವೇ. ಆದರೆ ಒಂದೊಂದಕ್ಕೂ ಮದ್ದು ಬೇರೆ. ಒಬ್ಬರಿಗೆ ಹೆಪಾರಿನ್, ಇನ್ನೊಬ್ಬರಿಗೆ ಕವಾಟದ ಆಪರೇಷನ್, ಮತ್ತೊಬ್ಬರಿಗೆ ಸ್ಟೀರಾಯ್ಡ್, ಮಗದೊಬ್ಬರಿಗೆ ಕ್ಷಯದ ಗುಳಿಗೆ. ಕಾರಣ ಹುಡುಕದೆ ಎಲ್ಲರಿಗೂ ಒಂದೇ ಗುಳಿಗೆ ಚೀಟಿ ಕೊಟ್ಟು ಕಳಿಸಿದರೆ ಎರಡನೇ ಲಕ್ವಾ ಹೊರಗೆ ಕಾದು ನಿಂತಿರುತ್ತದೆ. ಎಪ್ಪತ್ತರ ಅಜ್ಜನಿಗೂ ಅದು ನೋವೇ. ಆದರೆ ಇಪ್ಪತ್ತೆಂಟರವನ ಮುಂದೆ ಇನ್ನೂ ನಲವತ್ತು ವರ್ಷದ ದುಡಿಮೆ ಇದೆ, ಎರಡು ಮಕ್ಕಳ ಶಾಲೆ ಇದೆ, ಸೊಸೈಟಿಯ ಸಾಲ ಇದೆ.

ಸರ್ಕಾರ ಮಾಡಬೇಕಾದ್ದು

ಹೃದಯಾಘಾತಕ್ಕೆ ನಮ್ಮ ರಾಜ್ಯ ಒಂದು ಒಳ್ಳೆಯ ದಾರಿ ತೋರಿಸಿದೆ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಲಕ್ವಾಕ್ಕೂ ಹಾಗೇ ಮಾಡಿ ಅಂದರೆ ಒಂದು ತೊಡಕಿದೆ. ಹೃದಯಕ್ಕೆ ಇ.ಸಿ.ಜಿ. ಸಾಕು. ಮಿದುಳಿನಲ್ಲಿ ನಾಳ ಕಟ್ಟಿದೆಯೋ ಒಡೆದಿದೆಯೋ ಅನ್ನುವುದು ಸಿ.ಟಿ. ಇಲ್ಲದೆ ಗೊತ್ತಾಗುವುದಿಲ್ಲ. ಒಡೆದವರಿಗೆ ಆ ಇಂಜೆಕ್ಷನ್ ಕೊಟ್ಟರೆ ಜೀವವೇ ಹೋಗಬಹುದು. ಕೊಪ್ಪಳ, ರಾಯಚೂರು, ಯಾದಗಿರಿಯಂಥ ಜಿಲ್ಲೆಗಳ ದೂರದ ಹಳ್ಳಿಯಿಂದ ಹೊರಟು, ತಾಲೂಕಿನಲ್ಲಿ ಒಂದು ಚೀಟಿ, ಜಿಲ್ಲೆಯಲ್ಲಿ ಇನ್ನೊಂದು ಚೀಟಿ ಹಿಡಿದು ಸಿ.ಟಿ. ಮುಂದೆ ಮಲಗುವ ಹೊತ್ತಿಗೆ ನಾಲ್ಕೂವರೆ ಗಂಟೆ ಮುಗಿದಿರುತ್ತದೆ.

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ಅದನ್ನು ಒಯ್ಯುವ ಕೆಲಸ ನಡೆದಿದೆ. ಅದು ನಿಲ್ಲಬಾರದು. ಅದರ ಜೊತೆಗೆ ನಮ್ಮ ಬೇಡಿಕೆ ಮೂರು.

ಒಂದು, ಹಗಲು ರಾತ್ರಿ ಕೆಲಸ ಮಾಡುವ ಸಿ.ಟಿ. ತಾಲೂಕು ಮಟ್ಟಕ್ಕೆ ಬರಲಿ. ಅಲ್ಲಿಯವರೆಗೆ, ಲಕ್ವಾದವರನ್ನು ಸಿ.ಟಿ. ಇಲ್ಲದ ಆಸ್ಪತ್ರೆಗಳ ಬಾಗಿಲು ಬಾಗಿಲು ತಿರುಗಿಸದೆ, ಅದು ಇರುವ ಹತ್ತಿರದ ಆಸ್ಪತ್ರೆಗೇ ನೇರ ಒಯ್ಯುವಂತೆ 108 ಸಿಬ್ಬಂದಿಗೆ ಸೂಚನೆ ಇರಲಿ.

ಎರಡು, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ಜ್ವರ, ರಕ್ತಸ್ರಾವ ಕೇಳುವಷ್ಟೇ ಗಟ್ಟಿಯಾಗಿ ಎರಡು ಪ್ರಶ್ನೆ ಕೇಳಲಿ: ‘ತಲೆನೋವು ಐತೇನವ್ವಾ? ನಿನ್ನೆಯಿಂದ ಎಷ್ಟು ನೀರು ಕುಡದಿ?’ ತಲೆನೋವು ಏರುತ್ತಿದ್ದರೆ ಅವತ್ತೇ ಬಿ.ಪಿ. ನೋಡಿಸಿ ವೈದ್ಯರಿಗೆ ತೋರಿಸುವ ವ್ಯವಸ್ಥೆ ಆಗಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಆಶಾ ಅಕ್ಕಂದಿರ ಹೆಗಲಿಗೆ ಇನ್ನೊಂದು ಕೆಲಸ ಹೇರುವ ಮುಂಚೆ ಅವರ ಗೌರವಧನ ಹೊತ್ತಿಗೆ ಸರಿಯಾಗಿ ಕೊಡುವುದು ಮಾತ್ರ ಬೇಕು.

ಮೂರು, ಐವತ್ತಕ್ಕಿಂತ ಕಡಿಮೆ ವಯಸ್ಸಿನವರ ಡಿಸ್ಚಾರ್ಜ್ ಚೀಟಿಯಲ್ಲಿ ಲಕ್ವಾ ಅಂತ ಬರೆದು ನಿಲ್ಲಿಸಬಾರದು. ಕಾರಣ ಏನು, ಅಥವಾ ಕಾರಣ ಇನ್ನೂ ಸಿಕ್ಕಿಲ್ಲ, ಮುಂದೆ ಯಾವ ಪರೀಕ್ಷೆ ಎಲ್ಲಿ ಆಗಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆದುಕೊಡಲಿ.

ನೀವು ಮಾಡಬಹುದಾದ್ದು

ಆಸ್ಪತ್ರೆಗೆ ಹೋಗುವಾಗ ಈ ವಿಷಯಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ: ಕೊನೆಯ ಸಲ ಸರಿ ಇದ್ದ ಹೊತ್ತು, ಹೆರಿಗೆ ಅಥವಾ ಗರ್ಭಪಾತ ಆಗಿದ್ದರೆ ಎಷ್ಟು ದಿನ, ತೆಗೆದುಕೊಳ್ಳುತ್ತಿರುವ ಗುಳಿಗೆ, ಹದಿನೈದು ದಿನದ ಒಳಗೆ ಕುತ್ತಿಗೆಗೆ ಆದ ಪೆಟ್ಟು ಅಥವಾ ನೆಟಿಗೆ, ಜ್ವರ, ಹಾವು ಕಡಿತ, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಲಕ್ವಾ ಹೊಡೆದವರು. ಗುಳಿಗೆಯ ಖಾಲಿ ಹಾಳೆಯನ್ನೇ ಜೇಬಿಗೆ ಹಾಕಿಕೊಂಡು ಹೋದರೂ ಸಾಕು. ಹತ್ತು ನಿಮಿಷಕ್ಕೆ ತಾನಾಗಿ ಸರಿಹೋದರೂ ಹೋಗಿ ತೋರಿಸಿ, ಅದು ದೊಡ್ಡದು ಬರುವ ಮುನ್ನಿನ ಎಚ್ಚರಿಕೆ ಇರಬಹುದು. ಮುಖ ಮಾತ್ರ ಸೊಟ್ಟಗಾಗಿ ಕಣ್ಣು ಮುಚ್ಚಲು ಬಾರದೇ ಇದ್ದರೆ ಅದು ಮುಖದ ನರದ ಬೇರೆ ತೊಂದರೆ ಇರಬಹುದು. ಆದರೆ ಆ ತೀರ್ಮಾನವನ್ನೂ ವೈದ್ಯರಿಗೇ ಬಿಡಿ.

ಬಿ.ಪಿ.ಎಲ್. ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ಕೇಳಿ. ಹೊಲ ಅಡವಿಡುವುದಕ್ಕಿಂತ ಮುಂಚೆ ಅದನ್ನು ಕೇಳಿ.

ವೈದ್ಯರು ರೌಂಡ್ಸ್‌ಗೆ ಬಂದಾಗ ಹಳ್ಳಿಯವರು ಮಂಚದ ಪಕ್ಕ ಕೈಕಟ್ಟಿ ನಿಲ್ಲುತ್ತಾರೆ. ಕೇಳಿದರೆ ಸಿಟ್ಟಾಗುತ್ತಾರೇನೋ ಅನ್ನುವ ಅಂಜಿಕೆ. ಕೇಳಬೇಕಾದ್ದು ಬಹಳ ಇಲ್ಲ, ಒಂದೇ ಪ್ರಶ್ನೆ: ‘ಸಾಹೇಬ್ರ, ಈ ವಯಸ್ಸಿಗೆ ಇದು ಯಾಕ ಆತ್ರಿ?’ ಒಳ್ಳೆಯ ವೈದ್ಯರಿಗೆ ಆ ಪ್ರಶ್ನೆ ಬೇಸರ ತರುವುದಿಲ್ಲ. ಅವರೂ ಅದನ್ನೇ ಹುಡುಕುತ್ತಿರುತ್ತಾರೆ.